ಇಪ್ಪತ್ತು ನಿಮಿಷದ ಹಾಡು, ಹದಿಹರೆಯದ ಕಿವಿ: ಪ್ರೊಗ್ರೆಸಿವ್ ರಾಕ್ ನಮಗೆ ಕಲಿಸುವುದೇನು?

ಪ್ರೌಢಶಾಲೆಯ ಮಕ್ಕಳ ಹೆತ್ತವರು ನಮ್ಮೊಡನೆ ಆಗಾಗ ಹೇಳಿಕೊಳ್ಳುವ ಆತಂಕವೊಂದಿದೆ. ಮಕ್ಕಳು ಮೊಬೈಲಿನಲ್ಲಿ ಯಾವುದೋ ದೇಶದ, ಯಾವುದೋ ಭಾಷೆಯ ಹಾಡುಗಳಲ್ಲಿ ಮುಳುಗಿರುತ್ತಾರೆ. ಹೀಗೇ ಅವರು ಕನ್ನಡದಿಂದ ದೂರವಾಗಿಬಿಡುವರೇ ಎಂಬುದು. ಗಡಿಯಾಚೆ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗೆ ಈ ಆತಂಕ ಸಹಜವಾದುದೇ. ಆದರೆ ಎಳೆಯ ಕಿವಿ ಒಂದು ಸಂಗೀತವನ್ನು ಏಕೆ, ಹೇಗೆ ಹಚ್ಚಿಕೊಳ್ಳುತ್ತದೆ ಎಂಬುದನ್ನು ಅರಿಯದೆ ಇದಕ್ಕೆ ಉತ್ತರ ಹೇಳಲಾಗದು. ಅದನ್ನು ಅರಿಯಲು ಪ್ರೊಗ್ರೆಸಿವ್ ರಾಕ್ ಒಂದು ಒಳ್ಳೆಯ ಉದಾಹರಣೆ. ಅದು ಉದ್ದವಾದ, ಜಟಿಲವಾದ, ಕುಣಿತಕ್ಕೆ ಸುಲಭವಾಗಿ ಒಗ್ಗದ ಸಂಗೀತ. ಆದರೂ ಅದನ್ನು ಮೊದಲು ಎದೆಗಪ್ಪಿಕೊಂಡವರು ಬಹುಪಾಲು ವಿದ್ಯಾರ್ಥಿಗಳೇ.

ಶಾಲೆ, ಕಾಲೇಜುಗಳಲ್ಲಿ ಹುಟ್ಟಿದ ಸಂಗೀತ

1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಈ ಪ್ರಕಾರ ರೂಪುಗೊಂಡಿತು. ಅಲ್ಲಿಯವರೆಗೆ ರಾಕ್ ಹಾಡೆಂದರೆ ಸುಮಾರು ಮೂರು ನಿಮಿಷದ್ದು. ರೇಡಿಯೊಗೂ ಚಿಕ್ಕ ರೆಕಾರ್ಡಿಗೂ ಅಷ್ಟೇ ಹೊಂದುತ್ತಿತ್ತು. ಎಲ್.ಪಿ. ರೆಕಾರ್ಡಿನ ಒಂದೊಂದು ಮಗ್ಗುಲಲ್ಲಾದರೋ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಅವಕಾಶವಿತ್ತು. ತರುಣ ಸಂಗೀತಗಾರರು ಆ ಅವಕಾಶದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನೂ ಜಾಝ್‌ನ ಮನೋಧರ್ಮವನ್ನೂ ಜನಪದ ಧಾಟಿಗಳನ್ನೂ ರಾಕ್‌ನೊಡನೆ ಬೆಸೆದರು. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ 1969ರ ಅಕ್ಟೋಬರಿನಲ್ಲಿ ಹೊರಬಂದಿತು. ಅದರಲ್ಲಿದ್ದುದು ಐದೇ ರಚನೆಗಳು. ಯೆಸ್ ತಂಡದ 1972ರ 'ಕ್ಲೋಸ್ ಟು ದಿ ಎಡ್ಜ್' ಆಲ್ಬಂನ ಒಂದು ಮಗ್ಗುಲನ್ನು ಹದಿನೆಂಟು ನಿಮಿಷ ಮೀರಿದ ಒಂದೇ ರಚನೆ ತುಂಬಿತ್ತು.

ಇದನ್ನು ಕಟ್ಟಿದವರೂ ಹೆಚ್ಚು ವಯಸ್ಸಾದವರಲ್ಲ. ಜೆನೆಸಿಸ್ ತಂಡ 1967ರಲ್ಲಿ ಚಾರ್ಟರ್‌ಹೌಸ್ ಎಂಬ ಶಾಲೆಯ ವಿದ್ಯಾರ್ಥಿಗಳಿಂದ ಹುಟ್ಟಿತು. ಪಿಂಕ್ ಫ್ಲಾಯ್ಡ್ ತಂಡದ ಮೂವರು ಲಂಡನ್ನಿನಲ್ಲಿ ವಾಸ್ತುಶಿಲ್ಪ ಕಲಿಯುತ್ತಿದ್ದಾಗ ಜೊತೆಗೂಡಿದವರು. ಇವರ ಕೇಳುಗರೂ ಹೆಚ್ಚಾಗಿ ಕಾಲೇಜು, ವಿಶ್ವವಿದ್ಯಾಲಯಗಳ ಸಭಾಂಗಣಗಳಲ್ಲಿದ್ದರು.

ಕಿವಿ ಪಳಗುವ ಬಗೆ

ಇಂಥ ಸಂಗೀತ ಮೊದಲ ಬಾರಿಗೇ ಹಿಡಿಸುವುದು ಅಪರೂಪ. ಆ ಕಾಲದ ಹುಡುಗನ ಬಳಿ ಇದ್ದುದೇ ಕೆಲವು ರೆಕಾರ್ಡುಗಳು. ಕೈಖರ್ಚಿನ ಹಣವನ್ನು ಕೂಡಿಟ್ಟು ಕೊಂಡದ್ದನ್ನೋ ಅಣ್ಣನಿಂದ, ಗೆಳೆಯನಿಂದ ಎರವಲು ತಂದದ್ದನ್ನೋ ವಾರಗಟ್ಟಲೆ ಮತ್ತೆ ಮತ್ತೆ ಕೇಳಬೇಕಿತ್ತು. ಮೊದಲು ಗದ್ದಲವೆನಿಸಿದ್ದು ನಾಲ್ಕನೆಯ ಸಲಕ್ಕೆ ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಹತ್ತನೆಯ ಸಲಕ್ಕೆ ಮುಂದೆ ಬರಲಿರುವ ತಿರುವಿಗಾಗಿ ಕಿವಿ ಕಾದು ಕುಳಿತಿರುತ್ತದೆ. ಹೀಗೆ ಕಾಯುವುದರಲ್ಲಿಯೇ ಅಭಿಮಾನ ಮೊಳೆಯುತ್ತದೆ.

ಲಯವನ್ನೇ ನೋಡೋಣ. ಸಾಮಾನ್ಯ ರಾಕ್ ಹಾಡು ನಾಲ್ಕರ ಎಣಿಕೆಯಲ್ಲಿ ಸಾಗುತ್ತದೆ. ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಂ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್'ನಲ್ಲಿರುವ 'ಮನಿ' ಎಂಬ ಹಾಡಿನ ಬಹುಭಾಗ ಏಳರ ಎಣಿಕೆಯಲ್ಲಿದೆ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಮಿಶ್ರಛಾಪಿನ ಏಳು ಹೊಸತಲ್ಲ; ನಾಲ್ಕಕ್ಕೆ ಮಾತ್ರ ಪಳಗಿದ ಕಿವಿಗಾದರೋ ಅದೊಂದು ಒಗಟು. ಒಗಟನ್ನು ಬಿಡಿಸಿದ ಹೆಮ್ಮೆ ಹದಿನೈದರ ವಯಸ್ಸಿನಲ್ಲಿ ಸಣ್ಣದಲ್ಲ.

ವಾದ್ಯಗಳೂ ಕುತೂಹಲ ಕೆರಳಿಸುತ್ತಿದ್ದವು. ಮೆಲೊಟ್ರಾನ್ ಎಂಬ ಕೀಬೋರ್ಡಿನ ಒಂದೊಂದು ಮಣೆಯ ಹಿಂದೆಯೂ ಪಿಟೀಲು, ಕೊಳಲು ಮುಂತಾದವುಗಳ ನಾದ ಮುದ್ರಿಸಿದ ಟೇಪಿನ ತುಂಡು ಇರುತ್ತಿತ್ತು. ಮಣೆ ಒತ್ತಿದರೆ ಸುಮಾರು ಎಂಟು ಸೆಕೆಂಡು ಆ ನಾದ ಕೇಳಿ ಟೇಪು ಮುಗಿಯುತ್ತಿತ್ತು. ಇದು ಹೇಗೆ ಕೆಲಸಮಾಡುತ್ತದೆಂದು ತಿಳಿಯಹೊರಟ ಮಕ್ಕಳಿಗೆ ಸಂಗೀತದ ಜೊತೆಗೆ ವಿಜ್ಞಾನವೂ ಸಿಗುತ್ತಿತ್ತು.

ಮೂರನೆಯದು ಓದು. ರಟ್ಟಿನ ಹೊದಿಕೆಯ ಮೇಲಿನ ಚಿತ್ರ, ಒಳಗೆ ಅಚ್ಚಾದ ಸಾಹಿತ್ಯ, ಇವನ್ನು ಮಕ್ಕಳು ಪುಸ್ತಕದಂತೆಯೇ ಓದುತ್ತಿದ್ದರು. ಕೊಳಲು ನುಡಿಸುವ ಇಯಾನ್ ಆ್ಯಂಡರ್ಸನ್‌ರ ಜೆಥ್ರೊ ಟಲ್ ತಂಡ 1972ರಲ್ಲಿ ತಂದ 'ಥಿಕ್ ಆ್ಯಸ್ ಎ ಬ್ರಿಕ್'ನಲ್ಲಿ ಎರಡೂ ಮಗ್ಗುಲಿಗೆ ಸೇರಿ ಒಂದೇ ಹಾಡು. ಅದರ ಹೊದಿಕೆ ಹನ್ನೆರಡು ಪುಟಗಳ ಅಣಕು ಊರಪತ್ರಿಕೆ. ಸ್ಪರ್ಧೆಯಲ್ಲಿ ಬಹುಮಾನ ಗೆದ್ದು, ಆಮೇಲೆ ಅದನ್ನು ಕಳೆದುಕೊಂಡ ಎಂಟು ವರ್ಷದ ಬಾಲಕವಿಯ ಕಲ್ಪಿತ ಕಥೆ ಅದರಲ್ಲಿದೆ. ಹಾಡಿನ ಸಾಹಿತ್ಯ ಅವನದೇ ಕವಿತೆ ಎಂಬುದು ತಂಡ ಹೂಡಿದ ತಮಾಷೆ. 'ಕ್ಲೋಸ್ ಟು ದಿ ಎಡ್ಜ್'ಗೆ ಪ್ರೇರಣೆಯಾದದ್ದು ನಮ್ಮ ನೆಲದ ಕಥೆಯನ್ನೇ ಹೇಳುವ ಹರ್ಮನ್ ಹೆಸ್ಸೆಯವರ ಜರ್ಮನ್ ಕಾದಂಬರಿ 'ಸಿದ್ಧಾರ್ಥ'. ಹೀಗೆ ಹಾಡಿನಿಂದ ಪುಸ್ತಕಕ್ಕೆ ದಾರಿ ತೆರೆದುಕೊಳ್ಳುತ್ತಿತ್ತು.

ಮನೆಯ ಪಾತ್ರ

ಇಂಗ್ಲೆಂಡಿನ ಸ್ಟೀವನ್ ವಿಲ್ಸನ್ 1967ರಲ್ಲಿ ಹುಟ್ಟಿದವರು. ಎಂಟರ ವಯಸ್ಸಿನ ಸುಮಾರಿಗೆ, ಕ್ರಿಸ್‌ಮಸ್ ಹಬ್ಬಕ್ಕೆ ಅವರ ತಂದೆ ತಾಯಿ ಪರಸ್ಪರ ರೆಕಾರ್ಡುಗಳನ್ನು ಉಡುಗೊರೆಯಾಗಿ ಕೊಟ್ಟುಕೊಂಡರು. ತಂದೆಗೆ ಬಂದದ್ದು 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್'. ತಾಯಿಗೆ ಬಂದದ್ದು ಡೊನಾ ಸಮರ್‌ರ ಡಿಸ್ಕೊ ಹಾಡುಗಳು. ಎರಡೂ ಮನೆಯಲ್ಲಿ ಮತ್ತೆ ಮತ್ತೆ ಮೊಳಗುತ್ತಿದ್ದವು. ತಮ್ಮ ಸಂಗೀತದ ಬೇರು ಅಲ್ಲಿದೆಯೆಂದು ವಿಲ್ಸನ್ ಹೇಳುತ್ತ ಬಂದಿದ್ದಾರೆ. ಎಲೆಕ್ಟ್ರಾನಿಕ್ಸ್ ಎಂಜಿನಿಯರರಾಗಿದ್ದ ತಂದೆ ಮಗನಿಗೆಂದೇ ಧ್ವನಿಮುದ್ರಣ ಯಂತ್ರವೊಂದನ್ನು ತಯಾರಿಸಿಕೊಟ್ಟರು. ಮುಂದೆ ಪಾರ್ಕ್ಯುಪೈನ್ ಟ್ರೀ ತಂಡ ಕಟ್ಟಿದ ವಿಲ್ಸನ್, ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೊ ಟಲ್ ತಂಡಗಳ ಹಳೆಯ ಆಲ್ಬಂಗಳ ಮೂಲ ಟೇಪುಗಳಿಂದ ಹೊಸ ಧ್ವನಿಮಿಶ್ರಣ ಮಾಡಿಕೊಟ್ಟರು. ಕೇಳುಗನಾಗಿ ಬೆಳೆದ ಬಾಲಕ ಆ ಪರಂಪರೆಯ ಪಾಲಕನಾದ ಬಗೆ ಇದು.

1976ರ ಹೊತ್ತಿಗೆ ಪಂಕ್ ಸಂಗೀತ ಬಂದು, ಉದ್ದ ಹಾಡುಗಳು ಹಳೆಯ ಆಡಂಬರವೆಂದು ನಗೆಪಾಟಲಾದವು. ಅಭಿಮಾನಿಗಳು ಆದರೂ ಕೈಬಿಡಲಿಲ್ಲ. 1983ರಲ್ಲಿ ಮೊದಲ ಆಲ್ಬಂ ತಂದ ಮರಿಲಿಯನ್ ತಂಡಕ್ಕೆ 1997ರಲ್ಲಿ ಅಮೆರಿಕ ಪ್ರವಾಸ ಮಾಡಲು ಹಣವಿಲ್ಲದಿದ್ದಾಗ, ಅಲ್ಲಿಯ ಅಭಿಮಾನಿಗಳೇ ಅಂತರ್ಜಾಲದ ಮೂಲಕ ಸುಮಾರು 60,000 ಡಾಲರ್ ಕೂಡಿಸಿದರು. ಎಳವೆಯಲ್ಲಿ ಹಚ್ಚಿಕೊಂಡುದರ ಆಯಸ್ಸು ದೀರ್ಘ.

ತಮ್ಮ ನುಡಿಯಲ್ಲಿ ಅದೇ ಸಂಗೀತ

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಮಾತು ಇಲ್ಲಿದೆ. ಇಂಗ್ಲಿಷ್ ಹಾಡುಗಳಿಂದ ಈ ರುಚಿ ಹತ್ತಿಸಿಕೊಂಡ ಅನೇಕ ತರುಣರು ಇಂಗ್ಲಿಷಿನಲ್ಲೇ ಉಳಿಯಲಿಲ್ಲ. ಕೆನಡಾದಲ್ಲಿ ಫ್ರೆಂಚ್ ನುಡಿಯುವವರು ಅಲ್ಪಸಂಖ್ಯಾತರು. ಅವರ ನೆಲೆಯಾದ ಕ್ವಿಬೆಕ್‌ನಲ್ಲಿ ಹಾರ್ಮೋನಿಯಂ ಎಂಬ ತಂಡ 1975ರಲ್ಲಿ ಋತುಗಳನ್ನು ಕುರಿತ ಆಲ್ಬಂ ಒಂದನ್ನು ಫ್ರೆಂಚಿನಲ್ಲಿಯೇ ಹಾಡಿತು. ಆ ಪ್ರಾಂತ್ಯದ ಪ್ರಸಿದ್ಧ ಭಾಷಾ ಕಾನೂನು ಜಾರಿಯಾದದ್ದು 1977ರಲ್ಲಿ. ನುಡಿಯ ಬಗೆಗಿನ ಎಚ್ಚರ ಹಾಡಿನಲ್ಲೂ ಶಾಸನದಲ್ಲೂ ಒಂದೇ ಕಾಲಕ್ಕೆ ಕಾಣಿಸಿಕೊಂಡಿತ್ತು.

ಸ್ಪೇನಿನ ಬಾಸ್ಕ್ ಜನರ ಕಥೆ ನಮಗೆ ಇನ್ನೂ ಹತ್ತಿರದ್ದು. ಫ್ರಾಂಕೊ ಆಳ್ವಿಕೆಯಲ್ಲಿ ಅವರ ನುಡಿ ಶಾಲೆಯಿಂದಲೂ ಸಾರ್ವಜನಿಕ ಜೀವನದಿಂದಲೂ ಹೊರದಬ್ಬಲ್ಪಟ್ಟಿತ್ತು. ಹೆತ್ತವರೂ ಶಿಕ್ಷಕರೂ ಕೂಡಿ 'ಇಕಸ್ತೋಲ' ಎಂಬ ಬಾಸ್ಕ್ ಮಾಧ್ಯಮದ ಶಾಲೆಗಳನ್ನು ಕಷ್ಟಪಟ್ಟು ನಡೆಸಿದರು. ಫ್ರಾಂಕೊ 1975ರಲ್ಲಿ ತೀರಿಕೊಂಡ ಮೂರು ವರ್ಷಕ್ಕೆ, ಇತೋಯ್ಸ್ ಎಂಬ ತಂಡ ಬಾಸ್ಕ್ ನುಡಿಯಲ್ಲಿ ಪ್ರೊಗ್ರೆಸಿವ್ ರಾಕ್ ಆಲ್ಬಂ ತಂದಿತು. ಶಾಲೆ ನುಡಿಗೆ ಅಕ್ಷರ ಕೊಟ್ಟರೆ, ಇಂಥ ಹಾಡುಗಳು ಅದು ಇಂದಿನ ನುಡಿಯೂ ಹೌದೆಂದು ತರುಣರಿಗೆ ತೋರಿಸಿಕೊಟ್ಟವು.

ನಾವು ಮಾಡಬಹುದಾದುದು

ಕನ್ನಡಕ್ಕೂ ಈ ದಾರಿ ಮುಚ್ಚಿಲ್ಲ. ರಘು ದೀಕ್ಷಿತ್ ತಮ್ಮ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರ್, ಡ್ರಮ್ಸ್‌ಗಳೊಡನೆ ಹಾಡಿದರು. ಬೆಂಗಳೂರಿನ ಅಗಂ ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್‌ನೊಡನೆ ಬೆಸೆದಿದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಕಾಸರಗೋಡಿನ ಮಗುವಿಗೆ ಇಪ್ಪತ್ತು ನಿಮಿಷದ ರಚನೆ, ತಾಳದಿಂದ ತಾಳಕ್ಕೆ ಜಿಗಿತ, ಯಾವುದೂ ಅಪರಿಚಿತವಲ್ಲ.

ಆದುದರಿಂದ ಇಯರ್‌ಫೋನ್ ಕಿತ್ತುಕೊಳ್ಳುವುದರಿಂದ ಕನ್ನಡ ಉಳಿಯದು. ಮಗು ಕೇಳುತ್ತಿರುವುದನ್ನು ಒಮ್ಮೆ ಪೂರ್ತಿಯಾಗಿ ಅದರೊಡನೆ ಕುಳಿತು ಕೇಳೋಣ. ಇದರಲ್ಲಿ ನಿನಗೇನು ಹಿಡಿಸಿತೆಂದು ಕನ್ನಡದಲ್ಲಿಯೇ ವಿಚಾರಿಸೋಣ. ಅರ್ಥವನ್ನು ಕನ್ನಡದಲ್ಲಿ ಬರೆದುಕೊಡೆಂದು ಕೇಳೋಣ. ಶಾಲೆಯಲ್ಲಿ ತಿಂಗಳಿಗೊಂದು ತರಗತಿಯ ಅವಧಿಯನ್ನು ಕೇಳುವುದಕ್ಕೆಂದೇ ಮೀಸಲಿಟ್ಟು, ಒಂದು ಹೊರನಾಡಿನ ರಚನೆಯನ್ನೂ ಒಂದು ಯಕ್ಷಗಾನ ಪದವನ್ನೋ ತತ್ವಪದವನ್ನೋ ಜೊತೆಜೊತೆಯಾಗಿ ಕೇಳಿಸಬಹುದು. ಮೆಚ್ಚಿದ ಸಂಗೀತದ ಬಗ್ಗೆ ಮಾತಾಡಲು ಕನ್ನಡದಲ್ಲಿ ಪದಗಳು ಸಿಕ್ಕಿದರೆ, ಆ ಮಗು ಎಲ್ಲಿಯ ಹಾಡು ಕೇಳಿದರೂ ನಮ್ಮ ನುಡಿಯೊಳಗೇ ಬೆಳೆಯುತ್ತಿರುತ್ತದೆ.