ಹೆಸರಿಗೆ ಬದಲು ಅಂಕಿ

ಬರೆಯುವ ಸಾಧನಕ್ಕೆ ತಕ್ಕಂತೆ ಲಿಪಿ ರೂಪ ತಾಳುತ್ತದೆಂಬುದು ಭಾಷಾಭ್ಯಾಸಿಗಳು ಬಲ್ಲ ಮಾತು. ಕಲ್ಲಿಗೆ ಉಳಿ, ಓಲೆಗೆ ಕಂಟ. ಓದುವವನಿಗೆಂದೇ, ಅದೂ ಮನುಷ್ಯನಲ್ಲದ ಓದುಗನಿಗೆಂದೇ ರೂಪಿಸಿದ ಅಕ್ಷರಗಳೂ ಉಂಟೆಂದರೆ ವಾಚಕರು ಹುಬ್ಬೇರಿಸಬಹುದು. ಕನ್ನಡ ಪಾಠ ಹೇಳುವ ನಾನು ಬ್ಯಾಂಕಿನ ಕಥೆಗೆ ಕೈಹಚ್ಚಿರುವುದು ಆ ಅಕ್ಷರಗಳ ಸಲುವಾಗಿಯೇ.

1950ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯದ ಬ್ಯಾಂಕ್ ಆಫ್ ಅಮೆರಿಕ ಚೆಕ್ಕುಗಳ ಮಹಾಪೂರದಲ್ಲಿ ಸಿಲುಕಿತ್ತು. ದಿನದ ಲೆಕ್ಕ ಮುಗಿಸುವುದಕ್ಕಾಗಿ ಮಧ್ಯಾಹ್ನ 2 ಗಂಟೆಗೇ ಬಾಗಿಲು ಮುಚ್ಚಬೇಕಾಗುತ್ತಿತ್ತು. ಖಾತೆಗಳೆಲ್ಲ ಹೆಸರುಗಳ ಅಕಾರಾದಿಯಲ್ಲಿದ್ದುವು. ಸಹಿಯನ್ನು ನೋಡಿ, ಖಾತೆಯನ್ನು ಹುಡುಕಿ ಮೊತ್ತವನ್ನು ಏರಿಸುವವರು ಗುಮಾಸ್ತರು. ಅವರಲ್ಲಿ ಹೆಚ್ಚಿನವರು ತರುಣಿಯರು. ಬ್ಯಾಂಕು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಮೊರೆಹೊಕ್ಕಿತು. ಅಲ್ಲಿಯ ಎಂಜಿನಿಯರುಗಳು ಮಾಡಿದ ಮೊದಲ ಕೆಲಸ, ಹೆಸರನ್ನು ಬದಿಗಿಟ್ಟು ಪ್ರತಿ ಖಾತೆಗೂ ಒಂದು ಸಂಖ್ಯೆಯನ್ನು ಕೊಟ್ಟದ್ದು. ಅಕಾರಾದಿಯಲ್ಲಿ ಹೊಸಬನು ನಡುವೆ ನುಸುಳಬೇಕು. ಸಂಖ್ಯೆಯ ಸಾಲಿನಲ್ಲಿ ಕೊನೆಗೆ ನಿಂತರಾಯಿತು.

ಆ ಸಂಖ್ಯೆಯನ್ನು ಯಂತ್ರ ಓದುವ ಬಗೆ ಹೇಗೆ? ಮೊದಲು ಗೆರೆಗಳ ಸಂಕೇತವನ್ನು ಪರೀಕ್ಷಿಸಿದರು. ಯಂತ್ರ ಎಡವಿದಾಗ ಗುಮಾಸ್ತನಿಗೆ ಅದು ಓದಲು ಬಾರದು. ಕೆನೆತ್ ಎಲ್ಡ್ರೆಡ್ಜ್ ಮತ್ತು ಸಂಗಡಿಗರು ಕಾಂತಗುಣವುಳ್ಳ ಶಾಯಿಯಲ್ಲಿ ಅಂಕಿಗಳನ್ನೇ ಮುದ್ರಿಸುವ ಉಪಾಯ ಕಂಡರು. ಒಂದೊಂದು ಆಕಾರಕ್ಕೂ ಒಂದೊಂದು ಬಗೆಯ ವಿದ್ಯುತ್ ಅಲೆ. ಮೇಲೆ ಮೊಹರು ಬಿದ್ದರೂ, ಗೀಚಿದರೂ ಯಂತ್ರಕ್ಕೆ ತೊಡಕಿಲ್ಲ. ಹತ್ತು ಅಂಕಿ, ನಾಲ್ಕು ಚಿಹ್ನೆ: ಒಟ್ಟು ಹದಿನಾಲ್ಕೇ ಅಕ್ಷರಗಳ ಈ ಮಾಲೆಗೆ ಇ-13ಬಿ ಎಂದು ಹೆಸರು.

1955ರಲ್ಲಿ ಜನರೆದುರು ತಂದ ಮಾದರಿ ಯಂತ್ರದ ಹೆಸರು 'ಎರ್ಮಾ'. ತೂಕ ಸುಮಾರು 25 ಟನ್ನು. ಒಡಲಲ್ಲಿ ರೇಡಿಯೋದಲ್ಲಿರುವಂಥ ವಾಲ್ವುಗಳು ಸಾವಿರಗಟ್ಟಲೆ. ಬಳಕೆಯ ಯಂತ್ರಗಳನ್ನು ಟ್ರಾನ್ಸಿಸ್ಟರುಗಳಿಂದ ಕಟ್ಟಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. 1959ರಲ್ಲಿ ಅವು ಕೆಲಸಕ್ಕೆ ತೊಡಗಿ, 1961ರ ಹೊತ್ತಿಗೆ 13 ಕೇಂದ್ರಗಳಲ್ಲಿ 32 ಆದುವು. ಎರಡು ಸಾವಿರಕ್ಕೂ ಮಿಕ್ಕ ಗುಮಾಸ್ತರ ದುಡಿಮೆ ಅವುಗಳ ಪಾಲಾಯಿತು. ಯಂತ್ರದ ಹೆಸರು ಇತಿಹಾಸದಲ್ಲಿ ಉಳಿದಿದೆ. ಆ ತರುಣಿಯರ ಹೆಸರುಗಳು ಯಾವ ಅಕಾರಾದಿಯಲ್ಲಿಯೂ ಸಿಕ್ಕವು.

ನಮ್ಮ ದೇಶದ ಬ್ಯಾಂಕುಗಳಿಗೆ ಈ ಲಿಪಿ ಬಂದದ್ದು 1980ರ ದಶಕದಲ್ಲಿ. ಚೆಕ್ಕಿನ ಬುಡದಲ್ಲಿ ಅದನ್ನು ಇಂದಿಗೂ ಕಾಣಬಹುದು. ಅಲ್ಲಿಯ ಒಂಬತ್ತು ಅಂಕಿಗಳ ಗುಂಪು ಊರು, ಬ್ಯಾಂಕು, ಶಾಖೆಗಳನ್ನು ಸೂಚಿಸುತ್ತದೆ. 560 ಎಂದು ಮೊದಲಾದರೆ ಅದು ಬೆಂಗಳೂರು. ಈಗ ಚೆಕ್ಕಿನ ಕಾಗದ ಊರೂರು ತಿರುಗುವುದಿಲ್ಲ, ಅದರ ಚಿತ್ರವಷ್ಟೇ ಹೋಗುತ್ತದೆ.

ಹೆಸರನ್ನು ಸಂಖ್ಯೆಯಾಗಿಸಿದ್ದರಿಂದ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯಲಾರೆ. ಆದರೂ ನನ್ನ ಮೆಚ್ಚುಗೆ ಸಲ್ಲುವುದು ಅವರ ಇನ್ನೊಂದು ವಿವೇಕಕ್ಕೆ: ಯಂತ್ರಕ್ಕೆಂದು ಅಕ್ಷರ ಕಡೆದವರು ಅದನ್ನು ಮನುಷ್ಯನೂ ಓದುವಂತೆ ಉಳಿಸಿದರು. ಯಂತ್ರ ತಪ್ಪಿದಾಗ ತಿದ್ದಬೇಕಾದವನು ಮನುಷ್ಯನಷ್ಟೆ. ಅವನಿಗೆ ಓದಲಾಗದ ಲೆಕ್ಕವನ್ನು ಅವನು ತಿದ್ದುವುದೆಂತು?