ಚಪ್ಪಟೆ ಪಾದಕ್ಕೆ ತಕ್ಕ ಮೆಟ್ಟು

ನಿಂತಾಗ ಅಂಗಾಲಿನ ಒಳಬದಿಯ ಕಮಾನು ಇಳಿದು ನೆಲಕ್ಕೆ ತಾಗಿದರೆ ಅದು ಚಪ್ಪಟೆ ಪಾದ. ಮಕ್ಕಳಿಗೆ ಹುಟ್ಟಿನಿಂದ ಇರುವುದೇ ಅಂಥ ಪಾದ. ಕಮಾನು ಸರಿಯಾಗಿ ಮೂಡಲು ಐದಾರು ವರ್ಷವಾದರೂ ಬೇಕು. ದೊಡ್ಡವರಲ್ಲೂ ನೋವಿಲ್ಲದಿದ್ದರೆ ಇದಕ್ಕೆಂದು ಬೇರೆ ಮೆಟ್ಟು ಬೇಕಿಲ್ಲ.

ಮೆಟ್ಟಿಗೂ ಕಮಾನಿಗೂ ಇರುವ ನಂಟನ್ನು ತೋರಿಸಿದ ಹೆಸರಾಂತ ಅಧ್ಯಯನ ಮಣಿಪಾಲದ್ದು. ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಯಚ್ಚು ತೆಗೆದು, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಟ್ಟು ಹಾಕುವ ಮಕ್ಕಳಲ್ಲಿ ಶೇ 8.6 ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲಲ್ಲಿ ಓಡಾಡುವವರಲ್ಲಿ ಶೇ 2.8 ಮಂದಿಗೆ ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಇದು ಹೆಚ್ಚು. ಚಪ್ಪಲಿ, ಸ್ಯಾಂಡಲ್‌ನವರಲ್ಲಿ ಕಡಿಮೆ. ಪುಟ್ಟ ಮಕ್ಕಳಿಗೆ ಕಮಾನು ತರಿಸುತ್ತದೆಂದು ದುಬಾರಿ ಶೂ ಕೊಡಿಸುವ ಆತುರ ಖಂಡಿತ ಬೇಡ. ಅವರನ್ನು ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡುವುದೇ ಮೇಲು.

ದೊಡ್ಡವರಿಗೆ ಹಿಮ್ಮಡಿ, ಕಣಕಾಲು ನೋಯುತ್ತಿದ್ದರೆ ಮಾತು ಬೇರೆ. ಮೆಟ್ಟು ಕೊಳ್ಳಲು ಅಂಗಡಿಗೆ ಸಂಜೆ ಹೋಗಬೇಕು. ದಿನವಿಡೀ ಓಡಾಡಿದ ಕಾಲು ಆಗ ತುಸು ಊದಿ, ನಿಜವಾದ ಅಳತೆ ಸಿಗುತ್ತದೆ. ಶೂವಿನ ಹಿಮ್ಮಡಿ ಭಾಗವನ್ನು ಎರಡು ಬೆರಳಲ್ಲಿ ಅದುಮಿ ನೋಡಬೇಕು, ಅದು ಕುಸಿಯಬಾರದು. ತುದಿಯನ್ನು ಮೇಲಕ್ಕೆ ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಮಡಚಬೇಕೇ ಹೊರತು ನಟ್ಟನಡುವೆ ಅಲ್ಲ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದಾಗ ಸುಲಭವಾಗಿ ಸುತ್ತಿಕೊಂಡರೆ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು. ತೆಳುವಾದ ಹವಾಯಿ ಚಪ್ಪಲಿ ಈ ಮೂರರಲ್ಲೂ ಸೋಲುತ್ತದೆ.

ಕೊಚ್ಚಿ, ತಿರುವನಂತಪುರಗಳಲ್ಲಿ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಲ್ಲಿ ಶುರುವಾಗುವ ಮಳೆ ಮುಗಿಯಿತು ಎನ್ನುವಷ್ಟರಲ್ಲಿ ಅಕ್ಟೋಬರ್‌ನ ತುಲಾವರ್ಷ, ಅಂದರೆ ಹಿಂಗಾರು ಮಳೆ, ಹಿಡಿಯುತ್ತದೆ. ಕೊಚ್ಚಿಯ ಎಂ. ಜಿ. ರಸ್ತೆಯಲ್ಲೋ ತಿರುವನಂತಪುರದ ತಂಪಾನೂರಿನಲ್ಲೋ ನಿಂತ ನೀರಲ್ಲಿ ನೆನೆದ ಶೂ ಮರುದಿನಕ್ಕೂ ಒಣಗದು. ಒಳಗಿನ ಇನ್‌ಸೋಲ್ ನಾರುತ್ತದೆ, ಬೆರಳ ಸಂದಿಗೆ ಫಂಗಸ್ ಹತ್ತುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ, ಕಮಾನಿಗೆ ಉಬ್ಬು ಕೊಟ್ಟ, ತೊಳೆಯಬಹುದಾದ ಸ್ಯಾಂಡಲ್ ಅಲ್ಲಿನವರಿಗೆ ಹೆಚ್ಚು ಒಗ್ಗುತ್ತದೆ. ಮೆಟ್ಟನ್ನು ಹೊಸ್ತಿಲಾಚೆ ಬಿಡುವ ಮನೆಗಳಲ್ಲಿ ಟೈಲ್ಸ್ ಮೇಲೆ ಗಂಟೆಗಟ್ಟಲೆ ನಿಂತು ಅಡುಗೆ ಮಾಡುವವರಿಗೆ, ಒಳಗೆ ಮಾತ್ರ ಹಾಕುವ ಅಂಥದೇ ಇನ್ನೊಂದು ಜೊತೆ ಬೇಕು. ನೋವು ಅವರನ್ನು ಕಾಡುವುದು ಹೆಚ್ಚಾಗಿ ಅಲ್ಲೇ.

ಇನ್‌ಸೋಲ್ ಕೊಳ್ಳುವವರು ಶೂವಿನ ಹಳೆಯ ಪದರ ತೆಗೆದು ಅದೇ ಜಾಗಕ್ಕೆ ಹೊಸದನ್ನು ಕೂರಿಸಬೇಕು. ಮೊದಲಿಗೆ ಸಿದ್ಧ ಇನ್‌ಸೋಲ್ ಸಾಕು; ಅದರಿಂದ ಪ್ರಯೋಜನವಾಗದಿದ್ದರೆ ಮಾತ್ರ ಅಚ್ಚು ತೆಗೆಸಿ ಮಾಡಿಸಿಕೊಳ್ಳುವ ಖರ್ಚು. ಉಬ್ಬು ಕಮಾನನ್ನು ಆನಿಸಬೇಕು, ಚುಚ್ಚಬಾರದು. ದಿನಕ್ಕೆ ಒಂದೆರಡು ಗಂಟೆಯಿಂದ ರೂಢಿಸಿಕೊಳ್ಳಬೇಕು. ಇದು ನೋವು ತಗ್ಗಿಸಬಹುದು, ಪಾದದ ಆಕಾರ ಬದಲಿಸದು.

ತುದಿಗಾಲಲ್ಲಿ ನಿಂತಾಗಲೂ ಕಮಾನು ಮೂಡದಿದ್ದರೆ, ಒಂದೇ ಪಾದ ಇತ್ತೀಚೆಗೆ ಚಪ್ಪಟೆಯಾಗಿದ್ದರೆ, ಕಣಕಾಲಿನ ಒಳಬದಿ ಊದಿದ್ದರೆ ಮೂಳೆ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ವೈದ್ಯರನ್ನು ಕೇಳದೆ ಗಟ್ಟಿ ಇನ್‌ಸೋಲ್ ಹಾಕಬಾರದು. ಅದು ಒತ್ತಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ.