ಹಬ್ಬದ ಉಡುಗೊರೆ ಮತ್ತು ತಂದೆಯ ಮಾನ

ಆಗಮನ ಕಾಲ ಬಂತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ತೊಗರಿ ಕಟಾವಿಗೆ ಬರುತ್ತದೆ. ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದವರು ಹಬ್ಬಕ್ಕೆಂದು ಊರಿನ ಬಸ್ಸು ಹಿಡಿಯುತ್ತಾರೆ. ಬಟ್ಟೆಬರೆಗಳ ಚೀಲದ ಜೊತೆ ಈಗ ಅವರ ಕೈಯಲ್ಲಿ ಮತ್ತೊಂದು ವಸ್ತು ಕಾಣುತ್ತದೆ: ಬಣ್ಣಬಣ್ಣದ ಚಿತ್ರಗಳಿರುವ, ಪರದೇಶದ ಹೆಸರು ಹೊತ್ತ ಆಟಿಕೆಯ ಪೆಟ್ಟಿಗೆ. ಆ ಪೆಟ್ಟಿಗೆಯ ಕುರಿತು ಎರಡು ಮಾತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಬರೆಯುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಈ ಭಾಗದಲ್ಲಿ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಯುವಕರು ಒಂದು ಸಲಹೆ ತಂದರು. ತಂದೆತಾಯಂದಿರು ತಮ್ಮ ಮಕ್ಕಳಿಗೆ ಕೊಡುವ ಉಡುಗೊರೆಗಳನ್ನು ಮೊದಲೇ ಗುಟ್ಟಾಗಿ ದೇವಾಲಯಕ್ಕೆ ತಲುಪಿಸುವುದು. ಡಿಸೆಂಬರ್ 24ರ ರಾತ್ರಿ ಬಲಿಪೂಜೆ ಮುಗಿದ ಮೇಲೆ ಕ್ರಿಸ್‌ಮಸ್ ತಾತ ಒಬ್ಬೊಬ್ಬರ ಹೆಸರು ಕೂಗಿ ಹಂಚುವುದು. ಸಂಭ್ರಮದ ಕಾರ್ಯಕ್ರಮವೆಂದು ನಾನು ಸಂತೋಷದಿಂದಲೇ ಒಪ್ಪಿದೆ. ಒಂದು ಮಗುವಿಗೆ ರಿಮೋಟಿನಿಂದ ಓಡುವ ಕಾರು ಬಂತು. ಮತ್ತೊಂದಕ್ಕೆ ಮಾತನಾಡುವ ಗೊಂಬೆ. ಎಂಟು ವರ್ಷದ ಒಬ್ಬ ಹುಡುಗನ ಹೆಸರು ಕೂಗಿದಾಗ ಅವನ ಕೈಗೆ ಬಂದದ್ದು ಒಂದು ಕಂಪಾಸ್ ಪೆಟ್ಟಿಗೆ. ಮರುದಿನ ಬೆಳಿಗ್ಗೆ ಆ ಹುಡುಗ ಗೋದಲಿಯ ಬಳಿ ನಿಂತು ನನ್ನನ್ನು ಕೇಳಿದ: “ಫಾದರ್, ನಮ್ಮಪ್ಪನ ಬಲ್ಲಿ ರೊಕ್ಕ ಇಲ್ಲಂತ ಕ್ರಿಸ್‌ಮಸ್ ತಾತಗೂ ಗೊತ್ತದ ಏನ್ರಿ?”

ಏಳು ವರ್ಷ ಗುರುಮಠದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಸಂತ ನಿಕೊಲಾಸರು ಬಾಗಿಲು ತಟ್ಟಲಿಲ್ಲ

ಕ್ರಿಸ್‌ಮಸ್ ತಾತನ ಮೂಲಪುರುಷರು ಸಂತ ನಿಕೊಲಾಸರು. ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿ ದೇಶಕ್ಕೆ ಸೇರಿದ ಮೈರಾ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದವರು. ಡಿಸೆಂಬರ್ 6 ಅವರ ಹಬ್ಬ. ಅವರ ಕುರಿತು ಬಹಳ ಪ್ರಸಿದ್ಧವಾದ ಕಥೆಯೊಂದುಂಟು. ಬಡವನಾಗಿ ಹೋದ ಒಬ್ಬ ತಂದೆಗೆ ಮೂವರು ಹೆಣ್ಣುಮಕ್ಕಳು. ಮದುವೆಗೆ ಹಣವಿಲ್ಲದೆ ಅವರ ಬಾಳು ಬೀದಿಪಾಲಾಗುವ ಸ್ಥಿತಿ. ನಿಕೊಲಾಸರು ರಾತ್ರಿಯ ಹೊತ್ತು ಯಾರಿಗೂ ತಿಳಿಯದಂತೆ ಕಿಟಕಿಯಿಂದ ಬಂಗಾರದ ಗಂಟನ್ನು ಒಳಗೆಸೆದು ಹೋದರಂತೆ.

ಈ ಕಥೆಯನ್ನು ಎಷ್ಟೋ ಸಲ ಪ್ರವಚನದಲ್ಲಿ ಹೇಳಿದ್ದೇನೆ. ಅದರಲ್ಲಿ ರಾತ್ರಿ ಏಕಿದೆ ಎಂಬುದನ್ನು ಮಾತ್ರ ಆ ಹುಡುಗ ಕೇಳುವವರೆಗೆ ಯೋಚಿಸಿರಲಿಲ್ಲ. ನಿಕೊಲಾಸರು ಹಗಲಿನಲ್ಲಿ ಬಾಗಿಲು ತಟ್ಟಿ ಕೊಟ್ಟಿದ್ದರೂ ಬಂಗಾರ ಬಂಗಾರವೇ ಆಗಿರುತ್ತಿತ್ತು. ಆದರೆ ಆ ತಂದೆ ನೆರೆಹೊರೆಯವರ ಎದುರು ತಲೆ ಎತ್ತುವಂತಿರಲಿಲ್ಲ. ಅವರು ಮಕ್ಕಳ ಬಾಳನ್ನು ಉಳಿಸಿದರು, ಜೊತೆಗೆ ತಂದೆಯ ಮಾನವನ್ನೂ ಉಳಿಸಿದರು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಅವರ ಹೆಸರನ್ನೇ ಇಟ್ಟುಕೊಂಡು, ದೀಪಗಳನ್ನೆಲ್ಲ ಹೊತ್ತಿಸಿ, ಪ್ರತಿಯೊಬ್ಬ ತಂದೆಯ ಜೇಬಿನ ಆಳವನ್ನು ಸಭೆಯೆದುರು ಅಳೆದು ತೋರಿಸಿದೆವು.

ಮರುವರ್ಷ ಅದರ ಫಲ ಕಂಡಿತು. ಆ ಹುಡುಗನ ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವರು. ಹಬ್ಬಕ್ಕೆ ಬಂದಾಗ ಅವರ ಕೈಯಲ್ಲಿ ಊರಿನ ಎಲ್ಲ ಮಕ್ಕಳ ಕಾರಿಗಿಂತ ದೊಡ್ಡ ಕಾರು ಇತ್ತು. ಮೇಸ್ತ್ರಿಯ ಬಳಿ ಮುಂಗಡ ಪಡೆದು ಕೊಂಡದ್ದು. “ಹೋದ ವರ್ಷ ಎಲ್ಲಾರ ಮುಂದ ನನ್ನ ಮಗನ ಮುಖ ಸಣ್ಣದಾಗಿತ್ರಿ ಫಾದರ್. ಈ ಸಲ ಹಂಗಾಗಬಾರದು,” ಎಂದರು. ಪ್ರತಿ ವರ್ಷ ಮೂರು ರಾಯರ ಹಬ್ಬದವರೆಗೆ ಊರಲ್ಲಿರುತ್ತಿದ್ದವರು ಮುಂಗಡ ತೀರಿಸಲು 27ರಂದೇ ಹೊರಟರು. ಕಾರಿನ ಬ್ಯಾಟರಿ ತೀರುವ ಮೊದಲೇ ತಂದೆ ಹೊರಟುಹೋಗಿದ್ದರು.

ತಾಯಿಯೊಬ್ಬರ ಮಾತು

ನಾನು ಮಕ್ಕಳ ತಂದೆಯಲ್ಲ. ಆದ್ದರಿಂದ ಪಾಲಕರ ಸಭೆ ಕರೆದು ಅವರ ಅಭಿಪ್ರಾಯ ಕೇಳಿದೆ. ಆಡಂಬರದ ಉಡುಗೊರೆ ಬೇಡವೆಂದು ನಾನು ಆರಂಭಿಸುತ್ತಿದ್ದಂತೆ ತಾಯಿಯೊಬ್ಬರು ಎದ್ದು ನಿಂತರು. “ಫಾದರ್, ನೀವು ಹೇಳೂದು ಖರೆ. ಆದ್ರ ಬಾಜೂ ಮನಿ ಕೂಸಿನ ಕೈಯಾಗ ಗೊಂಬಿ ನೋಡಿ ಬಂದು ನನ್ನ ಮಗಳು ರಾತ್ರಿ ಉಣ್ಣದೇ ಮಲಗ್ತಾಳ. ಆವಾಗ ನಿಮ್ಮ ಪ್ರವಚನ ನನ್ನ ಕೈ ಹಿಡಿಯಂಗಿಲ್ಲ,” ಎಂದರು.

ಆ ತಾಯಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಮಕ್ಕಳಿಗೆ ಆಟಿಕೆ ಬೇಕು. ಅದು ಚೈನಿಯ ವಸ್ತುವಲ್ಲ. ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ‘ರಾಜನೀತಿ’ ಗ್ರಂಥದಲ್ಲಿ ಮಕ್ಕಳ ಗಿಲಕಿಯನ್ನು ಕುರಿತು ಮೆಚ್ಚುಗೆಯಿಂದ ಬರೆದಿದ್ದಾನೆ. ಎಳೆಯರು ಸುಮ್ಮನಿರಲಾರರು, ಕೈಗೆ ಗಿಲಕಿ ಕೊಟ್ಟರೆ ಮನೆಯ ಸಾಮಾನು ಒಡೆಯುವುದಿಲ್ಲ ಎಂಬುದು ಅವನ ವಾದ. ಸಂತ ಥಾಮಸ್ ಅಕ್ವಿನಾಸರು ಇನ್ನೂ ಮುಂದೆ ಹೋಗಿ, ದುಡಿದ ದೇಹಕ್ಕೆ ನಿದ್ರೆ ಬೇಕಾದಂತೆ ದುಡಿದ ಮನಸ್ಸಿಗೆ ವಿನೋದ ಬೇಕು, ಹದವರಿತು ಆಡುವುದೂ ಒಂದು ಸದ್ಗುಣ ಎಂದಿದ್ದಾರೆ. ಆದರೆ ಅವರು ಕೆಲವು ಎಚ್ಚರಿಕೆಗಳನ್ನೂ ಸೇರಿಸುತ್ತಾರೆ: ವಿನೋದದಿಂದ ಯಾರಿಗೂ ನೋವಾಗಬಾರದು, ಮನಸ್ಸು ತನ್ನ ಸಮತೋಲನ ಕಳೆದುಕೊಳ್ಳಬಾರದು, ಅದು ಕಾಲಕ್ಕೆ, ಸ್ಥಳಕ್ಕೆ, ವ್ಯಕ್ತಿಗೆ ಒಪ್ಪುವಂತಿರಬೇಕು. ಏಳುನೂರೈವತ್ತು ವರ್ಷಗಳ ಹಿಂದಿನ ಈ ಮೂರು ಮಾತುಗಳು ಇಂದಿನ ಆಟಿಕೆ ಅಂಗಡಿಯ ಮುಂದೆ ನಿಂತ ಪಾಲಕರಿಗೂ ಸಾಕಾಗುತ್ತವೆ.

ಹೆಸರಿನ ಬೆಲೆ

ಮಗು ಕೇಳುವುದು ಆಟಿಕೆಯನ್ನೋ, ಆಟಿಕೆಯ ಮೇಲಿನ ಹೆಸರನ್ನೋ? ಈ ಭೇದವನ್ನು ನಾವು ಅರಿಯಬೇಕು. ಅಮೆರಿಕದ ಮ್ಯಾಟೆಲ್ ಕಂಪನಿ 1982ರಲ್ಲಿ ‘ಹೀ-ಮ್ಯಾನ್’ ಎಂಬ ವೀರನ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಆ ವೀರನ ಕಾರ್ಟೂನ್ ಧಾರಾವಾಹಿ ಬಂದದ್ದು 1983ರಲ್ಲಿ. ಮೊದಲು ಗೊಂಬೆ, ಅನಂತರ ಕಥೆ. ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದರು, ಅದನ್ನು ಕೇಳಿದ ಮಕ್ಕಳು ಮಣ್ಣಿನಲ್ಲೋ ದಂಟಿನಲ್ಲೋ ಗೊಂಬೆ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಸರಕು ಮಾರಲು ಕಥೆ ದುಡಿಯುತ್ತದೆ. ಆದ್ದರಿಂದಲೇ ಒಂದು ಗೊಂಬೆ ಕೊಡಿಸಿದರೆ ಮಗುವಿಗೆ ತೃಪ್ತಿಯಾಗದು. ಕಥೆಯಲ್ಲಿ ಇನ್ನೂ ಹತ್ತು ಗೊಂಬೆಗಳು ಬಾಕಿ ಇರುತ್ತವೆ.

ಫ್ರಾನ್ಸಿನ ಲೇಖಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಆಟಿಕೆಗಳ ಮೇಲೆ ಪುಟ್ಟ ಪ್ರಬಂಧವಿದೆ. ಸಿದ್ಧ ಆಟಿಕೆಗಳು ಮಗುವನ್ನು ಒಡೆಯನನ್ನಾಗಿ, ಬಳಸುವವನನ್ನಾಗಿ ಮಾಡುತ್ತವೆಯೇ ಹೊರತು ಸೃಷ್ಟಿಸುವವನನ್ನಾಗಿ ಮಾಡುವುದಿಲ್ಲವೆಂದು ಅವನು ಮರುಗುತ್ತಾನೆ. ಮರದ ಆಟಿಕೆಗಳು ಕಾಣೆಯಾಗುತ್ತಿರುವುದಕ್ಕೆ ಮಿಡಿಯುತ್ತಾನೆ. ನಮಗಾದರೋ ಮರದ ಆಟಿಕೆ ದೂರದ ನೆನಪಲ್ಲ. ಆಲೆಮರವನ್ನು ಕಡೆದು ಅರಗಿನ ಬಣ್ಣ ಲೇಪಿಸುವ ಚನ್ನಪಟ್ಟಣದ ಗೊಂಬೆಗಳು ಇಂದಿಗೂ ಸಿಗುತ್ತವೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಮಾಡುತ್ತಲೇ ಇವೆ. ಎರಡೂ ಊರುಗಳ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ತಯಾರಿಕಾ ಕೇಂದ್ರಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಪೆಟ್ಟಿಗೆಯ ಮೇಲೆ ಯಾವ ದೇಶದ ಹೆಸರೇ ಇರಲಿ, ಒಳಗಿನ ಆಟಿಕೆಯನ್ನು ಜೋಡಿಸಿದ ಕೈ ಕೊಪ್ಪಳ ಜಿಲ್ಲೆಯ ಹೆಣ್ಣುಮಗಳದ್ದೂ ಆಗಿರಬಹುದು. ಆ ಕೈಯ ದುಡಿಮೆಗೆ ಗೌರವವಿರಲಿ; ಪೆಟ್ಟಿಗೆಯ ಮೇಲಿನ ಹೆಸರಿಗೆ ಸಾಲ ಬೇಡ.

ಹಾಗೆಂದು ಜಾತ್ರೆ, ಸಂತೆಗಳ ಅಗ್ಗದ ಪ್ಲಾಸ್ಟಿಕ್ ನಕಲುಗಳನ್ನು ಕಣ್ಣುಮುಚ್ಚಿ ಕೊಳ್ಳುವುದೂ ಸಲ್ಲದು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕಳಚಿ ಬರುವ ಸಣ್ಣ ಬಿಡಿಭಾಗ, ಚೂಪಾದ ಅಂಚು, ವಿಷಯುಕ್ತ ಬಣ್ಣ ಇವುಗಳಿಂದ ಮಗುವನ್ನು ಕಾಯುವ ಗುರುತು ಅದು. ಪಾಲಕರು ಹೆಸರಿಗಿಂತ ಮೊದಲು ಹುಡುಕಬೇಕಾದದ್ದು ಅದನ್ನು.

ಗುಂಡಿ ಒತ್ತಿದರೆ ಬರುವ ಹಾಡು

ಆಟಿಕೆಯ ಜೊತೆ ಈಗ ಸಂಗೀತವೂ ಬರುತ್ತದೆ. ಗುಂಡಿ ಒತ್ತಿದರೆ ಸಾಕು, ‘ಜಿಂಗಲ್ ಬೆಲ್ಸ್’. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಅದನ್ನು ಪ್ರಕಟಿಸಿದ್ದು 1857ರಲ್ಲಿ. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರಿಗೆ ಎದುರಾಗಿ ನಿಂತ ಕಾಲವದು. ಹಿಮದ ಮೇಲೆ ಜಾರುಬಂಡಿ ಓಡಿಸುವ ಮೋಜಿನ ಹಾಡು ಅದು. ಅದರಲ್ಲಿ ಕ್ರಿಸ್ತಜಯಂತಿಯ ಮಾತೇ ಇಲ್ಲ. ಮಕ್ಕಳು ಹಾಡಿದರೆ ದೋಷವೇನೂ ಇಲ್ಲ. ಆದರೆ ಹಿಮವನ್ನೇ ಕಾಣದ ಭೀಮಾ, ಕೃಷ್ಣಾ ತೀರದ ಮಗು ಕ್ರಿಸ್‌ಮಸ್ ಎಂದರೆ ಅದೊಂದೇ ಹಾಡು ಎಂದು ತಿಳಿದರೆ ನಷ್ಟ ನಮ್ಮದು.

ಇದರ ಪಕ್ಕದಲ್ಲಿ ‘ಸೈಲೆಂಟ್ ನೈಟ್’ ಹುಟ್ಟಿದ ಬಗೆಯನ್ನು ಇಟ್ಟು ನೋಡಿ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರು. ಅಲ್ಲಿಯ ಸಹಾಯಕ ಗುರು ಯೋಸೆಫ್ ಮೋರ್ ಪದ್ಯ ಬರೆದಿದ್ದರು. ಶಾಲಾಮಾಸ್ತರ ಫ್ರಾನ್ಸ್ ಕ್ಸೇವರ್ ಗ್ರೂಬರ್ ಅದಕ್ಕೆ ರಾಗ ಹಾಕಿದರು. 1818ರ ಡಿಸೆಂಬರ್ 24ರಂದು ಇಬ್ಬರೂ ಒಂದು ಗಿಟಾರಿನೊಂದಿಗೆ ಅದನ್ನು ಹಾಡಿದರು. ಆ ದೇವಾಲಯ ಸಂತ ನಿಕೊಲಾಸರ ಹೆಸರಿನದು. ಹಳ್ಳಿಯ ಒಬ್ಬ ಗುರು, ಒಬ್ಬ ಮಾಸ್ತರ, ಒಂದು ವಾದ್ಯ: ಇಷ್ಟು ಬಂಡವಾಳ ನಮ್ಮ ಯಾವ ಧರ್ಮಕೇಂದ್ರದಲ್ಲಿಲ್ಲ? ಭಜನೆಯ ಪದಗಳಿಗೂ ತತ್ತ್ವಪದಗಳಿಗೂ ಹೆಸರಾದ ಈ ನಾಡಿನಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳಿಗೆ ಬರವಿಲ್ಲ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬನೇ ಕೇಳುವ ಹಾಡು ಕೇಳಿದವನಲ್ಲೇ ಮುಗಿಯುತ್ತದೆ. ತಾಯಿ ಅಡಿಗೆಮನೆಯಲ್ಲಿ ಹಾಡಿದ್ದು ಮಗಳ ಬಾಯಲ್ಲಿ ಉಳಿಯುತ್ತದೆ.

ಮಣ್ಣಿನ ಎತ್ತು

ಮೂರನೆಯ ವರ್ಷ ನಾವು ಕ್ರಮ ಬದಲಿಸಿದೆವು. ಉಡುಗೊರೆ ಮನೆಯೊಳಗೆ, ಯಾರೂ ನೋಡದಂತೆ. ದೇವಾಲಯದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸಿಹಿ. ಗೋದಲಿಗೆ ಪೇಟೆಯ ಗೊಂಬೆಗಳನ್ನು ತರಿಸಲಿಲ್ಲ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೇಚ್ಚೊ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳಿಂದಲೇ ಗೋದಲಿಯನ್ನು ಸಿದ್ಧಪಡಿಸಿದ್ದರು. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಊರಿಗೆ ಹೋಗಿ, ಮನೆಮನೆಯಲ್ಲೂ ಗೋದಲಿ ಮಾಡುವ ಪದ್ಧತಿ ಉಳಿಯಲೆಂದು ಪತ್ರವೊಂದಕ್ಕೆ ಸಹಿ ಹಾಕಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ನಾಡಿನ ಮಕ್ಕಳಿಗೆ ಎತ್ತು ಮಾಡುವುದನ್ನು ಕಲಿಸಬೇಕೇ? ಕೆರೆಯ ಮಣ್ಣು ತಂದರು. ಕಂಪಾಸ್ ಪೆಟ್ಟಿಗೆಯ ಹುಡುಗ ಮಾಡಿದ ಎತ್ತಿಗೆ ಒಂದು ಕೋಡು ಸೊಟ್ಟಗಿತ್ತು. ಅವನ ತಂದೆ ಅದನ್ನು ಕೈಯಲ್ಲಿ ಹಿಡಿದು, ಮಗನ ಪಕ್ಕದಲ್ಲಿ ಕುಳಿತು, ಮಣ್ಣು ನಾದಿ ಸರಿಪಡಿಸಿದರು. ಆ ವರ್ಷ ಅವರು ಮೂರು ರಾಯರ ಹಬ್ಬ ಮುಗಿಸಿಯೇ ಬೆಂಗಳೂರಿಗೆ ಹೋದರು.

ಎಲ್ಲ ಪಾಲಕರೂ ಒಪ್ಪಿದರೆಂದು ಹೇಳಲಾರೆ. ಅಂದು ಎದ್ದು ನಿಂತ ತಾಯಿ ಮಗಳಿಗೆ ಗೊಂಬೆ ಕೊಡಿಸಿದರು. ಹತ್ತಿ ಬಿಡಿಸಿದ ಸ್ವಂತ ಕೂಲಿಯಲ್ಲಿ, ಸಾಲವಿಲ್ಲದೆ ಕೊಡಿಸಿದರು. ಹಬ್ಬದ ದಿನ ಆ ಗೊಂಬೆಯೊಂದಿಗೆ ಓಣಿಯ ಐದಾರು ಹುಡುಗಿಯರು ಆಡುತ್ತಿದ್ದುದನ್ನು ಕಂಡೆ. ಅದರಲ್ಲಿ ತಪ್ಪು ಹುಡುಕುವ ಗುರು ನಾನಲ್ಲ.

ಪ್ರಿಯ ಪಾಲಕರೇ, ಈ ಸಲ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಉಡುಗೊರೆಗಾಗಿ ಯಾರಾದರೂ ಸಾಲಗಾರರಾಗಬೇಕೇ? ಇದನ್ನು ನೋಡಿ ಮತ್ತೊಂದು ಮಗುವಿನ ಮುಖ ಸಣ್ಣದಾಗುವುದೇ? ನಮ್ಮ ಮಗು ಇದರೊಂದಿಗೆ ಇತರರನ್ನು ಸೇರಿಸಿಕೊಂಡು ಆಡೀತೇ? ಇವುಗಳಿಗೆ ನೆಮ್ಮದಿಯ ಉತ್ತರ ಸಿಕ್ಕರೆ ಸಂತೋಷದಿಂದ ಕೊಡಿಸಿ; ಪೆಟ್ಟಿಗೆಯ ಮೇಲೆ ಯಾವ ಹೆಸರಿದ್ದರೂ ಚಿಂತೆಯಿಲ್ಲ. ಸಿಗದಿದ್ದರೆ, ಊರಿಗೆ ಬಂದ ತಂದೆ ಎರಡು ದಿನ ಹೆಚ್ಚು ಉಳಿಯಲಿ. ಅಂಗಡಿಯಲ್ಲಿ ದೊರೆಯದ ಉಡುಗೊರೆ ಅದು.

ಎಲ್ಲ ಕುಟುಂಬಗಳಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.